ಹಿತ್ತಿಲ ಈಜುಕೊಳ ಮತ್ತು ಮನೆಯ ದಿನಚರಿ

(ಸಂಘದ ಬೇಸಗೆಯ ಉಪನ್ಯಾಸ ಕಾರ್ಯಕ್ರಮದಲ್ಲಿ ಕ್ಯಾಲಿಫೋರ್ನಿಯಾ ನಿವಾಸಿಯಾದ ಸಿವಿಲ್ ಇಂಜಿನಿಯರರೊಬ್ಬರು ಮಾಡಿದ ಭಾಷಣದ ಲಿಖಿತ ರೂಪ. — ಸಂ.)



ಈಜುಕೊಳದ ಬಗೆಗೆ ಮಾತನಾಡಬೇಕೆಂದು ಕಾರ್ಯದರ್ಶಿಗಳು ಕೇಳಿದಾಗ ನನಗೆ ಸಂಕೋಚವಾಯಿತು. ಸಾಹಿತ್ಯ, ಸಂಗೀತ, ಶಾಸನಗಳ ಕುರಿತು ವಿದ್ವಾಂಸರು ಮಾತನಾಡಿದ ಈ ವೇದಿಕೆಯಲ್ಲಿ ಹಿತ್ತಿಲಿನಲ್ಲಿ ಗುಂಡಿ ತೋಡುವ ವಿಷಯವನ್ನು ತರುವುದೇ ಎಂದು ಅನುಮಾನಿಸಿದೆ. ಆದರೆ ನಮ್ಮ ಕುಟುಂಬಗಳಲ್ಲಿ ಅನೇಕರು ಹಿತ್ತಿಲುಳ್ಳ ಮನೆಗಳನ್ನು ಕೊಂಡಿದ್ದಾರೆ. ಕೊಳ ಕಟ್ಟಿಸಬೇಕೇ, ಬೇಡವೇ ಎಂಬ ಚರ್ಚೆ ನಮ್ಮ ಊಟದ ಕೂಟಗಳಲ್ಲಿ ಮೊಸರನ್ನದ ಹೊತ್ತಿಗೆ ತಪ್ಪದೆ ಬರುತ್ತದೆ. ಕೊಳ ಕಟ್ಟುವುದು ನನ್ನ ವೃತ್ತಿಯಲ್ಲ. ಆದರೆ ನನ್ನ ಮನೆಯ ಕೊಳವನ್ನು ನಾನು ಎರಡು ಸಲ ಕಟ್ಟಿಸಿದ್ದೇನೆ: 1994ರಲ್ಲಿ ತಪ್ಪಾಗಿ, 1999ರಲ್ಲಿ ಅದನ್ನೇ ಒಡೆದು ಸ್ವಲ್ಪ ಸರಿಯಾಗಿ. ಆ ಐದು ವರ್ಷಗಳಲ್ಲಿ ಕಲಿತದ್ದನ್ನು ಮತ್ತು ಅನಂತರ ಓದಿ ತಿಳಿದದ್ದನ್ನು ಇಂದು ನಿಮ್ಮ ಮುಂದಿಡುತ್ತೇನೆ.

ಮೊದಲು ಎರಡು ಪ್ರಸಂಗಗಳನ್ನು ಹೇಳಿಬಿಡುವೆ.

1996ರಲ್ಲಿ ನನ್ನ ತಾಯಿ ಆರು ತಿಂಗಳ ಮಟ್ಟಿಗೆ ಬಂದರು. ಅವರು ತುಂಗೆಯ ದಡದ ಊರಿನಲ್ಲಿ ಹುಟ್ಟಿ ಬೆಳೆದವರು. ನೀರೆಂದರೆ ಅವರಿಗೆ ಭಯವಿರಲಿಲ್ಲ. ನಮ್ಮ ಕೊಳದ ಮೆಟ್ಟಿಲುಗಳು ಒಂದೊಂದೂ 12 ಅಂಗುಲ ಎತ್ತರವಾಗಿದ್ದುವು, ಹಿಡಿದುಕೊಳ್ಳಲು ಕಂಬಿಯಿರಲಿಲ್ಲ. ಅವರು ಮೊದಲ ಮೆಟ್ಟಿಲಿಗೆ ಕಾಲಿಟ್ಟು, ಎರಡನೆಯದನ್ನು ಪಾದದಿಂದ ತಡಕಿ, ಸಿಕ್ಕದೆ ಹಿಂದಕ್ಕೆ ಬಂದರು. ಉಳಿದ ತಿಂಗಳುಗಳನ್ನೆಲ್ಲ ದೂರದ ಕುರ್ಚಿಯಲ್ಲಿ ಕುಳಿತು ಕಳೆದರು.

ಮರುವರ್ಷ ನನ್ನ ಮಗಳ ಹುಟ್ಟುಹಬ್ಬ. ನಲವತ್ತು ಜನ ಸೇರಿದ್ದರು. ಸ್ನೇಹಿತರೊಬ್ಬರ ಮೂರು ವರ್ಷದ ಮಗ ಯಾರಿಗೂ ತಿಳಿಯದಂತೆ ನೀರಿಗೆ ಬಿದ್ದ. ಕೂಗಲಿಲ್ಲ, ನೀರು ಚಿಮ್ಮಲಿಲ್ಲ. ಚೆಂಡು ಹುಡುಕುತ್ತ ಹೋದ ಹೈಸ್ಕೂಲು ಹುಡುಗನೊಬ್ಬ ಕಂಡು ಎತ್ತಿದ. ಮಗು ಉಳಿಯಿತು, ಆ ಮಗು ಈಗ ದೊಡ್ಡವನಾಗಿ ಉದ್ಯೋಗದಲ್ಲಿದ್ದಾನೆ. ಆದರೆ ಆ ಸಂಜೆ ನಮ್ಮ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ನಲವತ್ತು ಜನರಲ್ಲಿ ಪ್ರತಿಯೊಬ್ಬರೂ ಮತ್ತೊಬ್ಬರು ನೋಡುತ್ತಿದ್ದಾರೆಂದು ತಿಳಿದಿದ್ದರು. ಅಡುಗೆಮನೆಯಿಂದ ನೋಡಲು ಕಿಟಕಿಯೇ ಇರಲಿಲ್ಲ; ಕೊಳದ ಕಡೆಯ ಗೋಡೆಗೆ ಬೀರುಗಳನ್ನು ಜೋಡಿಸಿದ್ದೆವು.

ಈ ಎರಡೂ ತಪ್ಪುಗಳು ಗುತ್ತಿಗೆದಾರನದಲ್ಲ, ನನ್ನವು. ನಾನು ಆಲ್ಬಮ್ಮಿನಲ್ಲಿ ಆಕಾರವೊಂದನ್ನು ನೋಡಿ ಮೆಚ್ಚಿದೆ. ಮನೆಯಲ್ಲಿ ಯಾರು ಎಲ್ಲಿ ಕೂರುತ್ತಾರೆ, ಎಲ್ಲಿ ನಿಲ್ಲುತ್ತಾರೆ, ಎಲ್ಲಿ ನೋಡುತ್ತಾರೆ ಎಂಬುದನ್ನು ಯೋಚಿಸಲೇ ಇಲ್ಲ.

ಆಕಾರದ ಮೋಹ

ನಾನು ಮೆಚ್ಚಿದ್ದು ಗೋಡಂಬಿಯ ಆಕಾರ. ಇಲ್ಲಿಯವರು ಅದನ್ನು ಕಿಡ್ನಿ ಎನ್ನುತ್ತಾರೆ. ಈ ಆಕಾರ ಕ್ಯಾಲಿಫೋರ್ನಿಯಾದಲ್ಲಿ ಪ್ರಸಿದ್ಧವಾದ ಬಗೆ ತಿಳಿಯತಕ್ಕದ್ದು. ಸೊನೋಮಾ ಪ್ರದೇಶದ ಡಾನೆಲ್ ಕುಟುಂಬದ ತೋಟಕ್ಕಾಗಿ ಥಾಮಸ್ ಚರ್ಚ್ ಎಂಬ ಉದ್ಯಾನ ವಿನ್ಯಾಸಕಾರರು 1948ರಲ್ಲಿ ಇಂತಹ ಕೊಳವೊಂದನ್ನು ರೂಪಿಸಿದರು. ಆ ತೋಟ ಗುಡ್ಡದ ಮೇಲಿದೆ. ಅಲ್ಲಿಂದ ಕೆಳಗೆ ನೋಡಿದರೆ ಉಪ್ಪುನೀರಿನ ಜೌಗು ನೆಲದಲ್ಲಿ ತೊರೆಗಳು ಬಳುಕಿ ಹರಿಯುವುದು ಕಾಣುತ್ತದೆ. ಕೊಳದ ಅಂಚಿನ ಬಳುಕು ಆ ತೊರೆಗಳ ಬಳುಕಿಗೆ ಹೊಂದಿಕೊಂಡಿತು. ಅದರ ಚಿತ್ರಗಳು ಪತ್ರಿಕೆಗಳಲ್ಲಿ ಬಂದುವು. ತೊರೆಯೂ ಗುಡ್ಡವೂ ಇಲ್ಲದ ಸಾವಿರಾರು ಚೌಕ ಹಿತ್ತಿಲುಗಳಿಗೆ ಆ ಆಕಾರ ಹರಡಿತು. ನನ್ನದೂ ಅವುಗಳಲ್ಲೊಂದು.

ಅದೇ ಚರ್ಚ್ ಅವರು 1955ರಲ್ಲಿ ಪ್ರಕಟಿಸಿದ ಪುಸ್ತಕದ ಹೆಸರಿನ ಅರ್ಥ ‘ತೋಟಗಳಿರುವುದು ಜನರಿಗಾಗಿ’ ಎಂದು. ಅವರಿಂದ ನಾವು ಎರವಲು ತರಬೇಕಾದದ್ದು ಆ ಮಾತನ್ನು, ತಂದದ್ದು ಗೋಡಂಬಿಯನ್ನು.

ಮೊದಲು ದಿನಚರಿಯ ನಕ್ಷೆ

ಆದ್ದರಿಂದ ನನ್ನ ಮೊದಲ ಸಲಹೆ ಇದು. ಗುತ್ತಿಗೆದಾರರನ್ನು ಕರೆಯುವುದಕ್ಕೆ ಮೊದಲು ಎರಡು ವಾರ ಮನೆಯ ದಿನಚರಿಯನ್ನು ಬರೆದಿಡಿ. ಬೆಳಗ್ಗೆ ಮನೆಯಲ್ಲಿ ಯಾರಿರುತ್ತಾರೆ? ಮಕ್ಕಳು ಶಾಲೆಯಿಂದ ಎಷ್ಟು ಹೊತ್ತಿಗೆ ಬರುತ್ತಾರೆ? ಆ ಹೊತ್ತಿನಲ್ಲಿ ದೊಡ್ಡವರು ಎಲ್ಲಿರುತ್ತಾರೆ? ಶನಿವಾರ ಬರುವ ಅತಿಥಿಗಳು ಎಷ್ಟು ಜನ, ಅವರಲ್ಲಿ ಮಕ್ಕಳೆಷ್ಟು? ಊರಿನಿಂದ ತಂದೆತಾಯಿಯರು ಯಾವ ತಿಂಗಳು ಬರುತ್ತಾರೆ? ನಿಮ್ಮ ಮನೆಯಲ್ಲಿ ಈಜು ಬಲ್ಲವರು ಯಾರು?

ಈ ಕೊನೆಯ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸಬೇಕು. ಬಾವಿಯಲ್ಲಿ ಬೆಂಡು ಕಟ್ಟಿಕೊಂಡು ಈಜು ಕಲಿತವರು ನಮ್ಮಲ್ಲಿ ಕೆಲವರಿದ್ದಾರೆ. ಆದರೆ ನಗರಗಳಲ್ಲಿ ಬೆಳೆದು, ಪರೀಕ್ಷೆಗಳಿಗೆ ಓದಿ, ಇಲ್ಲಿಗೆ ಬಂದ ಬಹುಮಂದಿಗೆ ಈಜು ಬರುವುದಿಲ್ಲ. ಮಕ್ಕಳಿಗೆ ತರಬೇತಿ ಕೊಡಿಸಿ, ತಾವು ದಡದಲ್ಲಿ ನಿಲ್ಲುತ್ತಾರೆ. ತಾಯ್ತಂದೆಯರಿಗೆ ಈಜು ಬಾರದ ಮನೆಯಲ್ಲಿ ಎಂಟು ಅಡಿ ಆಳದ ನೀರಿನಿಂದ ಉಪಯೋಗವೇನು? ಮಗುವೊಂದು ಅಲ್ಲಿ ಮುಳುಗಿದರೆ ಎತ್ತುವವರು ಯಾರು?

ಆಳ ಮತ್ತು ಮೆಟ್ಟಿಲು

ಇದರಿಂದ ಆಳದ ನಿರ್ಧಾರ ತಾನಾಗಿ ಹೊರಡುತ್ತದೆ. ಎಂಟು ಅಡಿಯ ಆಳ ಹಿಂದಿನ ಕಾಲದ ಧುಮುಕುಹಲಗೆಗಾಗಿ ಹುಟ್ಟಿದ್ದು. ಸಂಸಾರದ ಕೊಳದಲ್ಲಿ ಜನ ನಿಲ್ಲುತ್ತಾರೆ, ಚೆಂಡಾಡುತ್ತಾರೆ, ಅಂಚು ಹಿಡಿದು ಮಾತನಾಡುತ್ತಾರೆ. ಅದಕ್ಕೆ ಎರಡು ತುದಿಗಳಲ್ಲಿ ಮೂರೂವರೆ ಅಡಿ, ನಡುವೆ ಐದು ಅಡಿ ಸಾಕು. ಈಜು ಬಾರದ ದೊಡ್ಡವರೂ ಹೆಚ್ಚಿನ ಕಡೆ ಕಾಲೂರಿ ನಿಲ್ಲಬಲ್ಲರು. ಆದರೆ ಇಂತಹ ಕೊಳದಲ್ಲಿ ತಲೆಕೆಳಗಾಗಿ ಧುಮುಕುವುದು ಎಂದಿಗೂ ಸಲ್ಲದು. ಕತ್ತಿನ ಮೂಳೆ ಮುರಿಯುತ್ತದೆ. ಈ ನಿಯಮವನ್ನು ಅತಿಥಿಗಳ ಮಕ್ಕಳಿಗೆ ಮೊದಲೇ ತಿಳಿಸಬೇಕು.

ಮೆಟ್ಟಿಲಿನ ವಿಷಯದಲ್ಲಿ ನಮ್ಮ ನಾಡಿನ ಕಲ್ಯಾಣಿ, ಪುಷ್ಕರಣಿಗಳನ್ನು ನೆನೆಯಿರಿ. ಹಂಪೆಯ ಮಹಾನವಮಿ ದಿಬ್ಬದ ಬಳಿಯ ಮೆಟ್ಟಿಲುಕೊಳವನ್ನೋ ಶ್ರವಣಬೆಳಗೊಳದ ಕಲ್ಯಾಣಿಯನ್ನೋ ನೀವು ಕಂಡಿರಬಹುದು. ಅಲ್ಲಿ ನೀರಿಗೆ ಹಾರುವುದಲ್ಲ, ಇಳಿಯುವುದು. ನೀರು ಏರಿದರೂ ಇಳಿದರೂ ಕೂರಲು ಒಂದು ಮೆಟ್ಟಿಲಿದ್ದೇ ಇರುತ್ತದೆ. ನಮ್ಮ ಹಿತ್ತಿಲಿನಲ್ಲಿ ಅಷ್ಟು ಬೇಕಾಗಿಲ್ಲ. ಒಂದು ಮೂಲೆಯಲ್ಲಿ ಆರೆಂಟು ಅಂಗುಲ ನೀರು ನಿಲ್ಲುವ ಅಗಲವಾದ ಜಗಲಿ, ಅಲ್ಲಿಂದ ಏಳೆಂಟು ಅಂಗುಲ ಎತ್ತರದ, ಪಾದ ಪೂರ್ತಿ ಊರುವಷ್ಟು ಅಗಲವಾದ ಮೆಟ್ಟಿಲುಗಳು, ಪಕ್ಕದಲ್ಲಿ ಗಟ್ಟಿಯಾದ ಹಿಡಿಕಂಬಿ, ಒಂದು ಗೋಡೆಯುದ್ದಕ್ಕೂ ನೀರಿನೊಳಗೆ ಒಂದೂವರೆ ಅಡಿ ಕೆಳಗೆ ಕೂರುವ ಕಟ್ಟೆ. ಮೆಟ್ಟಿಲುಗಳ ಅಂಚಿಗೆ ಬೇರೆ ಬಣ್ಣದ ಹೆಂಚಿನ ಪಟ್ಟಿಯನ್ನು ಕೂಡಿಸಿದರೆ ಕಣ್ಣು ಮಂದವಾದವರಿಗೂ ಅಂಚು ಕಾಣುತ್ತದೆ.

1999ರಲ್ಲಿ ನಾವು ಮಾಡಿದ್ದು ಇದನ್ನೇ. ಆಳವನ್ನು ತುಂಬಿಸಿ, ಮೆಟ್ಟಿಲುಗಳನ್ನು ಒಡೆದು, ಜಗಲಿಯನ್ನೂ ಕಂಬಿಯನ್ನೂ ಸೇರಿಸಿದೆವು. ಮರುವರ್ಷ ತಾಯಿ ಮತ್ತೆ ಬಂದಾಗ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿಕೊಂಡು, ಕಂಬಿ ಹಿಡಿದು, ಜಗಲಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕುಳಿತರು. ಮೊಮ್ಮಗಳು ಪಕ್ಕದಲ್ಲಿ ಕುಳಿತಳು. “ಈಗ ಹೊಳೆ ಮೆಟ್ಟಿಲಿನ ಹಾಗಾಯ್ತು ನೋಡು, ನೀರೊಂದು ಹರಿಯೋದಿಲ್ಲ” ಎಂದರು. ಅಲ್ಲಿಂದ ಮುಂದೆ ದಿನವೂ ಸಂಜೆ ಐದಕ್ಕೆ ಅದು ಅವರ ಜಾಗವಾಯಿತು. ಶಾಲೆಯಿಂದ ಬಂದ ಮಗಳು ಅಲ್ಲಿಯೇ ಅವರಿಂದ ಕಥೆ ಕೇಳುತ್ತ ಕನ್ನಡ ಕಲಿತಳು.

ಕಣ್ಣು, ಬೇಲಿ, ಅಗುಳಿ

ಈಗ ಎಲ್ಲಕ್ಕಿಂತ ಮುಖ್ಯವಾದ ವಿಷಯ. ಅಮೆರಿಕದಲ್ಲಿ ಒಂದರಿಂದ ನಾಲ್ಕು ವರ್ಷದ ಮಕ್ಕಳ ಸಾವಿಗೆ ಅತಿ ದೊಡ್ಡ ಕಾರಣ ನೀರಿನಲ್ಲಿ ಮುಳುಗುವಿಕೆ. ಈ ವಯಸ್ಸಿನ ಮಕ್ಕಳು ಹೆಚ್ಚಾಗಿ ಮುಳುಗುವುದು ಮನೆಯ ಈಜುಕೊಳಗಳಲ್ಲಿ. ಮುಳುಗುವ ಮಗು ಕೂಗುವುದಿಲ್ಲ. ಉಸಿರೆಳೆಯಲಾರದ ಬಾಯಿಗೆ ಕೂಗು ಎಲ್ಲಿಂದ ಬಂದೀತು? ಕೆಲವೇ ನಿಮಿಷಗಳಲ್ಲಿ ಎಲ್ಲವೂ ಮುಗಿದುಹೋಗುತ್ತದೆ.

ಹಿತ್ತಿಲಿನ ಸುತ್ತ ಬೇಲಿಯಿದೆಯಲ್ಲ ಎಂದು ನಾನೂ ಸಮಾಧಾನಪಟ್ಟುಕೊಂಡಿದ್ದೆ. ಆ ಬೇಲಿ ಪಕ್ಕದ ಮನೆಯ ಮಗುವನ್ನು ತಡೆಯುತ್ತದೆ. ನಮ್ಮ ಮನೆಯ ಮಗುವನ್ನು ತಡೆಯುವುದಿಲ್ಲ. ಮಗು ಬರುವುದು ಅಡುಗೆಮನೆಯ ಬಾಗಿಲಿನಿಂದ. ಆದಕಾರಣ ಮನೆಗೂ ಕೊಳಕ್ಕೂ ನಡುವೆ, ನಾಲ್ಕು ಕಡೆಯೂ ಸುತ್ತುವ ಬೇಲಿ ಬೇಕು. ಕ್ಯಾಲಿಫೋರ್ನಿಯಾದ ಕಾನೂನು ಇಂತಹ ಬೇಲಿಗೆ ವಿಧಿಸುವ ಅಳತೆಗಳು ಯಾವ ಊರಿನವರಿಗೂ ಉಪಯುಕ್ತ: ಎತ್ತರ ಕನಿಷ್ಠ 60 ಅಂಗುಲ; ನೆಲಕ್ಕೂ ಬೇಲಿಗೂ ನಡುವೆ 2 ಅಂಗುಲಕ್ಕಿಂತ ಹೆಚ್ಚು ಸಂದು ಕೂಡದು; ಕಂಬಿಗಳ ನಡುವೆ 4 ಅಂಗುಲದ ಚೆಂಡು ತೂರಬಾರದು; ಗೇಟು ಕೊಳದಿಂದ ಹೊರಮುಖವಾಗಿ ತೆರೆದು, ತಾನಾಗಿ ಮುಚ್ಚಿ, ತಾನಾಗಿ ಅಗುಳಿ ಬೀಳಬೇಕು; ಅಗುಳಿ ನೆಲದಿಂದ 60 ಅಂಗುಲಕ್ಕಿಂತ ಕೆಳಗಿರಬಾರದು. ಬೇಲಿಯ ಬಳಿ ಕುರ್ಚಿ, ಹೂಕುಂಡ, ಆಟದ ಬಂಡಿಗಳನ್ನು ಇಡಬಾರದು. ಮಗುವಿಗೆ ಅದೇ ಏಣಿ.

ಬೇಲಿಯೊಂದೇ ಸಾಲದೆಂಬುದನ್ನು ಕಾನೂನೂ ಒಪ್ಪಿದೆ. ಹೊಸದಾಗಿ ಕಟ್ಟುವ ಅಥವಾ ಪುನರ್ನಿರ್ಮಿಸುವ ಖಾಸಗಿ ಕೊಳಗಳಿಗೆ ಕಾನೂನಿನ ಪಟ್ಟಿಯಲ್ಲಿರುವ ರಕ್ಷಣೋಪಾಯಗಳಲ್ಲಿ ಕನಿಷ್ಠ ಎರಡು ಇರಬೇಕೆಂಬುದು ಕ್ಯಾಲಿಫೋರ್ನಿಯಾದಲ್ಲಿ 2018ರಿಂದ ಇರುವ ನಿಯಮ. ಸುತ್ತುಬೇಲಿ, ತೆಗೆದು ಹಾಕಬಹುದಾದ ಬಲೆಯ ಬೇಲಿ, ಪರೀಕ್ಷಿತವಾದ ಸುರಕ್ಷಾ ಹೊದಿಕೆ, ಬಾಗಿಲು ತೆರೆದರೆ ಕೂಗುವ ಗಂಟೆ, ನೀರು ಕಲಕಿದರೆ ಕೂಗುವ ಗಂಟೆ ಮೊದಲಾದುವು ಆ ಪಟ್ಟಿಯಲ್ಲಿವೆ. ಇಲ್ಲಿ ಒಂದು ಎಚ್ಚರಿಕೆ: ಬಿಸಿಲಿನ ಶಾಖ ಹಿಡಿಯುವ ಗುಳ್ಳೆಗುಳ್ಳೆಯ ತೆಳು ಹಾಳೆ ಸುರಕ್ಷಾ ಹೊದಿಕೆಯಲ್ಲ. ಮಗು ಅದರ ಮೇಲೆ ಕಾಲಿಟ್ಟರೆ ಕೆಳಗೆ ಜಾರಿ, ಕಾಣದಂತೆ ಮುಚ್ಚಿಹೋಗುತ್ತದೆ.

ಬೇಲಿಯ ಜೊತೆಗೆ ಕಣ್ಣು. ಮನೆಯಲ್ಲಿ ದೊಡ್ಡವರು ಹೆಚ್ಚು ಹೊತ್ತು ನಿಲ್ಲುವ ಜಾಗ ಯಾವುದು? ನಮ್ಮ ಮನೆಗಳಲ್ಲಿ ಅದು ಒಲೆ ಮತ್ತು ಸಿಂಕು. ಅಲ್ಲಿ ನಿಂತವರಿಗೆ ಕೊಳದ ನೀರೆಲ್ಲ, ಮುಖ್ಯವಾಗಿ ಮೆಟ್ಟಿಲಿರುವ ತುದಿ, ಕಾಣಬೇಕು. ಬೇಲಿ ಗಟ್ಟಿಯಾಗಿದ್ದೂ ನೋಟವನ್ನು ತಡೆಯದಂತೆ ಕಂಬಿಯದೋ ಬಲೆಯದೋ ಆಗಿರಬೇಕು. ನಾವು ಕೊಳವನ್ನು ಸರಿಸಲಾರದೆ ಗೋಡೆಯನ್ನು ಒಡೆದು, ಬೀರುಗಳಿದ್ದ ಕಡೆ ಕಿಟಕಿ ಇಟ್ಟೆವು. ಮೊದಲೇ ಯೋಚಿಸಿದ್ದರೆ ಖರ್ಚು ಕಾಗದ ಮತ್ತು ಪೆನ್ಸಿಲಿನದು ಮಾತ್ರ ಆಗುತ್ತಿತ್ತು. ಆದರೆ ಕಿಟಕಿಯಿದೆಯೆಂದು ಒಗ್ಗರಣೆ ಹಾಕುತ್ತ ಮಕ್ಕಳನ್ನು ಕಾಯಬಹುದೆಂದು ತಿಳಿಯಬೇಡಿ. ಯಾರೂ ನೀರಿನಲ್ಲಿರಬಾರದ ಹೊತ್ತಿನಲ್ಲಿ ಯಾರಾದರೂ ಹೋದರೆ ಕಾಣಲು ಕಿಟಕಿ. ಮಕ್ಕಳು ನೀರಿನಲ್ಲಿರುವಾಗ ಈಜು ಬಲ್ಲ ದೊಡ್ಡವರೊಬ್ಬರು ದಡದಲ್ಲಿರಬೇಕು. ನಮ್ಮ ಮನೆಯಲ್ಲಿ ಈಗ ಕೂಟ ನಡೆದಾಗ ಒಬ್ಬರ ಕೊರಳಿಗೆ ಸೀಟಿ ಹಾಕುತ್ತೇವೆ. ಸೀಟಿ ಯಾರ ಕೊರಳಲ್ಲಿದೆಯೋ ಅವರಿಗೆ ಇಸ್ಪೀಟಿಲ್ಲ, ಫೋನಿಲ್ಲ, ಹರಟೆಯಿಲ್ಲ. ಕಾಲು ಗಂಟೆಗೊಮ್ಮೆ ಸೀಟಿ ಕೈ ಬದಲಾಗುತ್ತದೆ.

ನೀರಿನಡಿಯ ಅಪಾಯವೊಂದಿದೆ. ತಳದ ತೂಬಿನಿಂದ ಪಂಪು ನೀರನ್ನು ಬಲವಾಗಿ ಎಳೆಯುತ್ತದೆ. ಹಿಂದಿನ ವಿದೇಶಾಂಗ ಕಾರ್ಯದರ್ಶಿ ಜೇಮ್ಸ್ ಬೇಕರ್ ಅವರ ಏಳು ವರ್ಷದ ಮೊಮ್ಮಗಳು 2002ರಲ್ಲಿ ಬಿಸಿನೀರಿನ ತೊಟ್ಟಿಯೊಂದರ ತೂಬಿನ ಎಳೆತಕ್ಕೆ ಸಿಕ್ಕಿ ತೀರಿಕೊಂಡಳು. ಅವಳ ಹೆಸರಿನಲ್ಲಿಯೇ 2007ರಲ್ಲಿ ಫೆಡರಲ್ ಕಾನೂನು ಬಂದಿತು. ಎಳೆತ ಒಂದೇ ಕಡೆ ಬೀಳದಂತೆ ಕನಿಷ್ಠ ಮೂರು ಅಡಿ ಅಂತರದಲ್ಲಿ ಎರಡು ತೂಬುಗಳು, ಉಬ್ಬಿದ ಸುರಕ್ಷಾ ಮುಚ್ಚಳಗಳು ಇವೆಯೇ ಎಂದು ಕೇಳಿ. ಹಳೆಯ ಕೊಳವಿರುವ ಮನೆ ಕೊಂಡವರು ಇದನ್ನು ಮೊದಲು ಪರೀಕ್ಷಿಸಬೇಕು. ಉದ್ದ ಜಡೆಯ ಹೆಣ್ಣುಮಕ್ಕಳು ಕೂದಲನ್ನು ಮೇಲೆತ್ತಿ ಕಟ್ಟಿ ಇಳಿಯಲಿ.

ದಾರಿ, ನೆರಳು, ಗಾಳಿ

ಒದ್ದೆ ಮಕ್ಕಳು ದಿನಕ್ಕೆ ಹತ್ತು ಸಲ ಬಚ್ಚಲಿಗೆ ಓಡುತ್ತಾರೆ. ಆ ದಾರಿ ಕಾರ್ಪೆಟ್ಟಿನ ಮೇಲೆ ಹಾದುಹೋದರೆ ಆರು ತಿಂಗಳಲ್ಲಿ ಮನೆ ಮುಗ್ಗಲು ನಾರುತ್ತದೆ. ಬಟ್ಟೆ ಒಗೆಯುವ ಕೋಣೆಯ ಬಾಗಿಲು ಹಿತ್ತಿಲಿಗೆ ತೆರೆಯುವುದಾದರೆ ಅದೇ ಕೊಳದ ಬಾಗಿಲಾಗಲಿ. ಹೊರಗಡೆ ಒಂದು ನಲ್ಲಿ, ಸಾಧ್ಯವಾದರೆ ಷವರು ಇರಲಿ. ಭಾನುವಾರ ಎಣ್ಣೆಸ್ನಾನಕ್ಕೆ ತಲೆಗೆ ಎಣ್ಣೆ ಒತ್ತಿಸಿಕೊಂಡ ಮಕ್ಕಳು ಹಾಗೆಯೇ ಕೊಳಕ್ಕೆ ಇಳಿದರೆ ಫಿಲ್ಟರು ಜಿಡ್ಡುಗಟ್ಟುತ್ತದೆ, ಕ್ಲೋರೀನು ಆ ಎಣ್ಣೆಯ ಮೇಲೆ ಖರ್ಚಾಗುತ್ತದೆ. ಕಣ್ಣುರಿಸುವ ‘ಕ್ಲೋರೀನಿನ ವಾಸನೆ’ ಎಂದು ನಾವು ಹೇಳುವುದು ಬಹಳ ಮಟ್ಟಿಗೆ ಬೆವರು, ಮೂತ್ರಗಳೊಡನೆ ಕ್ಲೋರೀನು ಕೂಡಿ ಆದ ಸಂಯುಕ್ತಗಳ ವಾಸನೆ. ಅಂದರೆ ಇಳಿಯುವ ಮೊದಲೊಂದು ಸ್ನಾನ ನಮ್ಮ ಮಡಿಗೆ ಮಾತ್ರವಲ್ಲ, ರಸಾಯನಶಾಸ್ತ್ರಕ್ಕೂ ಒಪ್ಪಿತ.

ಕೊಳಕ್ಕೆ ಬಿಸಿಲು ಬೇಕು, ಕೂರುವವರಿಗೆ ನೆರಳು ಬೇಕು. ಸಂಜೆಯ ಬಿಸಿಲು ಪಡುವಣದಿಂದ ಬರುವುದರಿಂದ ಹಿರಿಯರ ಕುರ್ಚಿಗಳಿಗೆ ಆ ಕಡೆ ಮರೆಯಿರಲಿ. ಎಲೆಯುದುರುವ ಮರ ನೀರಿಗೆ ಹತ್ತಿರವಾದರೆ ನಿಮ್ಮ ಶನಿವಾರಗಳೆಲ್ಲ ಜಾಲರಿ ಹಿಡಿದೇ ಕಳೆಯುತ್ತವೆ. ಗಾಳಿ ಯಾವ ಕಡೆಗೆ ಬೀಸುವುದೋ ಆ ತುದಿಯಲ್ಲಿ ಕಸ ಸೆಳೆಯುವ ಬಾಯಿ ಇದ್ದರೆ ಅರ್ಧ ಕೆಲಸವನ್ನು ಗಾಳಿಯೇ ಮಾಡುತ್ತದೆ. ಪಂಪು ಮಲಗುವ ಕೋಣೆಯ ಕಿಟಕಿಗೆ ಹತ್ತಿರವಿರಬಾರದು. ನೆರೆಯವರ ಕಿಟಕಿಗೂ ಇರಬಾರದು.

ನೀರಿನ ಲೆಕ್ಕ

ಇಂಜಿನಿಯರನಾದ ಮೇಲೆ ಸ್ವಲ್ಪ ಗಣಿತ ಹೇಳದಿದ್ದರೆ ತೃಪ್ತಿಯಿಲ್ಲ. 28 ಅಡಿ ಉದ್ದ, 14 ಅಡಿ ಅಗಲ, ಸರಾಸರಿ ನಾಲ್ಕೂಕಾಲು ಅಡಿ ಆಳದ ಕೊಳವನ್ನು ತೆಗೆದುಕೊಳ್ಳಿ. ಅದರಲ್ಲಿ 1,666 ಘನ ಅಡಿ, ಅಂದರೆ ಸುಮಾರು 12,500 ಗ್ಯಾಲನ್ ನೀರು ಹಿಡಿಯುತ್ತದೆ. ನಮ್ಮ ಲೆಕ್ಕದಲ್ಲಿ ಸುಮಾರು 47,000 ಲೀಟರು, ತೂಕ 47 ಟನ್ನು. ಬೆಂಗಳೂರಿನಲ್ಲಿ ನೀರು ತರುವ 12,000 ಲೀಟರಿನ ಟ್ಯಾಂಕರುಗಳು ನಾಲ್ಕು ಬೇಕು. ಅಷ್ಟು ಭಾರ ಹೊರುವ ನೆಲದ ಮಣ್ಣನ್ನು ಪರೀಕ್ಷಿಸದೆ ಯಾರೂ ಅಗೆಯಬಾರದು. ಹಾಗೆಯೇ, ನೆಲದಡಿಯ ತಂತಿ, ಕೊಳವೆಗಳನ್ನು ಗುರುತಿಸಲು 811ಕ್ಕೆ ಫೋನು ಮಾಡದೆಯೂ ಅಗೆಯಬಾರದು. ಕಾಂಕ್ರೀಟು ಹಾಕಿದ ಮೇಲೆ ಗಡಿಬಿಡಿ ಬೇಡ. ಊರಿನಲ್ಲಿ ಹೊಸ ತಾರಸಿಗೆ ನೀರು ಕಟ್ಟಿ ನಿಲ್ಲಿಸುವುದನ್ನು ಕಂಡಿದ್ದೀರಿ, ಇಲ್ಲಿಯೂ ಅದನ್ನು ಒದ್ದೆಯಾಗಿಯೇ ಇಡಬೇಕು.

ಬಿಸಿ ಬೇಸಗೆಯಲ್ಲಿ ದಿನಕ್ಕೆ ಕಾಲು ಅಂಗುಲ ನೀರು ಆವಿಯಾಗುವುದು ಸಾಮಾನ್ಯ. ಮೇಲಿನ ಕೊಳದಲ್ಲಿ ಅದು ಸುಮಾರು 60 ಗ್ಯಾಲನ್. ಆವಿಯೊಡನೆ ಶಾಖವೂ ಹೋಗುತ್ತದೆ; ಕೊಳ ಕಳೆದುಕೊಳ್ಳುವ ಶಾಖದಲ್ಲಿ ಅತಿ ದೊಡ್ಡ ಪಾಲು ಇದೇ. ಹೊದಿಕೆ ಹಾಕಿದರೆ ಕೊಳ ಬಿಸಿಮಾಡುವ ಖರ್ಚಿನಲ್ಲಿ 50ರಿಂದ 70 ಪ್ರತಿಶತ ಉಳಿಯಬಹುದೆಂದು ಅಮೆರಿಕದ ಇಂಧನ ಇಲಾಖೆ ಹೇಳುತ್ತದೆ. ನೀರು ಸೋರುತ್ತಿದೆಯೆಂದು ಅನುಮಾನವಾದರೆ ಬಕೆಟ್ಟಿನಲ್ಲಿ ನೀರು ತುಂಬಿ ಕೊಳದ ಮೆಟ್ಟಿಲಿನ ಮೇಲಿಡಿ. ಎರಡರಲ್ಲಿಯೂ ನೀರು ಸಮನಾಗಿ ಇಳಿದರೆ ಅದು ಆವಿ. ಕೊಳದಲ್ಲಿ ಹೆಚ್ಚು ಇಳಿದರೆ ಬಿರುಕು.

ಪಂಪಿನ ವೇಗವನ್ನು ಅರ್ಧಕ್ಕೆ ಇಳಿಸಿದರೆ ಹರಿವು ಅರ್ಧವಾಗುತ್ತದೆ. ಆದರೆ ಅದು ಬಯಸುವ ಶಕ್ತಿ, ಸಿದ್ಧಾಂತದ ಪ್ರಕಾರ, ಎಂಟನೆಯ ಒಂದಂಶವಾಗುತ್ತದೆ. ಎರಡರಷ್ಟು ಹೊತ್ತು ಓಡಿಸಿದರೂ ವಿದ್ಯುತ್ತು ಕಾಲುಭಾಗ. ಆದ್ದರಿಂದ ವೇಗ ಬದಲಿಸಬಲ್ಲ ಪಂಪು ಲಾಭಕರ. ನೀರಿನ ಪಿಎಚ್ 7.2ರಿಂದ 7.8ರ ನಡುವೆ ಇರಲಿ, ಕ್ಲೋರೀನು ಕ್ರಮವಾಗಿರಲಿ. ಕ್ಲೋರೀನನ್ನೂ ಆಮ್ಲವನ್ನೂ ಎಂದಿಗೂ ಬೆರೆಸಬಾರದು, ಒಂದೇ ಕಪಾಟಿನಲ್ಲಿಯೂ ಇಡಬಾರದು, ಹೊರಡುವುದು ವಿಷಾನಿಲ. ವಿದ್ಯುತ್ತಿನ ಕೆಲಸವನ್ನು ಪರವಾನಗಿ ಪಡೆದವರಿಂದಲೇ ಮಾಡಿಸಿ.

ಕಟ್ಟಿಸದಿರುವುದೂ ಒಂದು ನಿರ್ಧಾರ

ಎರಡು ವಾರದ ದಿನಚರಿ ಬರೆದ ಸ್ನೇಹಿತರೊಬ್ಬರು ಕೊನೆಗೆ ಕೊಳವನ್ನೇ ಕಟ್ಟಿಸಲಿಲ್ಲ. ದಂಪತಿಗಳಿಬ್ಬರೂ ಮನೆಗೆ ಬರುವುದು ಏಳು ಗಂಟೆಗೆ, ಮಕ್ಕಳು ಶನಿವಾರ ಕನ್ನಡ ಶಾಲೆ, ಭಾನುವಾರ ಸಂಗೀತ. ನೀರಿಗೆ ಉಳಿದ ಹೊತ್ತು ವಾರಕ್ಕೆ ಒಂದೂವರೆ ಗಂಟೆ. ಅವರು ನಗರಸಭೆಯ ಕೊಳದಲ್ಲಿ ಇಡೀ ಸಂಸಾರಕ್ಕೆ ಈಜಿನ ತರಗತಿಗೆ ಹಣ ಕಟ್ಟಿದರು. ಐವತ್ತರ ವಯಸ್ಸಿನಲ್ಲಿ ಅವರ ಪತ್ನಿ ಈಜು ಕಲಿತರು. ಇದು ನನ್ನ ಎರಡೂ ಕೊಳಗಳಿಗಿಂತ ಒಳ್ಳೆಯ ಯೋಜನೆಯೆಂದು ನಾನು ಅವರಿಗೆ ಹೇಳಿದ್ದೇನೆ.

ಕಟ್ಟಿಸುವವರಿಗೆ ಇಷ್ಟೇ ವಿನಂತಿ. ನಕ್ಷೆ ಕೈಗೆ ಬಂದಾಗ ಒಲೆಯ ಮುಂದೆ ನಿಂತು ಹಿತ್ತಿಲನ್ನು ನೋಡಿ. ಬಳಿಕ ಹಗ್ಗವನ್ನೋ ರಂಗೋಲಿ ಪುಡಿಯನ್ನೋ ತೆಗೆದುಕೊಂಡು ಹುಲ್ಲಿನ ಮೇಲೆ ಕೊಳದ ಗೆರೆ ಎಳೆಯಿರಿ. ಒಂದು ವಾರ ಅದರ ಸುತ್ತ ಓಡಾಡಿ. ಅಜ್ಜಿ ಕೂರುವ ಜಾಗವನ್ನು ಅಜ್ಜಿಯನ್ನೇ ಕೇಳಿ ಗುರುತಿಸಿ. ನಕ್ಷೆಯನ್ನು ನನಗೆ ತೋರಿಸಬೇಕೆನ್ನುವವರು ಕಾರ್ಯಕ್ರಮದ ನಂತರ ಕಾಫಿಯ ಮೇಜಿನ ಬಳಿ ಸಿಗಬಹುದು, ಶುಲ್ಕವಿಲ್ಲ.